ಹಿಮದೂರಿನಲ್ಲಿ ಬಿಸಿ ಸುದ್ದಿಯ ಉಗ್ರಾಣ

ಸ್ವೀಡನ್ ದೇಶದ ಭೂಪಟವನ್ನು ಗೋಡೆಗೆ ತೂಗುಹಾಕಿ ನೋಡಿದರೆ, ಮೇಲಿನ ಭಾಗದಲ್ಲಿ, ಬೋತ್ನಿಯಾ ಕೊಲ್ಲಿ ಮುಗಿಯುವ ಕಡೆ ಲೂಲೆಯೊ ಎಂಬ ನಗರ ಕಾಣುತ್ತದೆ. ಉತ್ತರ ಧ್ರುವವೃತ್ತ ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಅಷ್ಟೆ. ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಸಂಜೆ ರೈಲು ಹತ್ತಿದರೆ, ಅದು ರಾತ್ರಿಯೆಲ್ಲ ಪೈನ್ ಮತ್ತು ಬರ್ಚ್ ಮರಗಳ ಕಾಡಿನಲ್ಲಿ ಓಡಿ ಮಾರನೆಯ ಬೆಳಿಗ್ಗೆ ನಮ್ಮನ್ನು ಅಲ್ಲಿ ಇಳಿಸುತ್ತದೆ. 2024ರ ಫೆಬ್ರುವರಿಯಲ್ಲಿ ನಾನು ಇಳಿದ ದಿನ ಉಷ್ಣಮಾಪಕ ಸೊನ್ನೆಗಿಂತ 17 ಡಿಗ್ರಿ ಕೆಳಗಿತ್ತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ತಂಗಿಯ ಮಗ ಕರೆದೊಯ್ಯಲು ಬಂದಿದ್ದ. ನನ್ನ ಹಲ್ಲು ಕಟಕಟಿಸುವುದನ್ನು ನೋಡಿ, "ಇವತ್ತು ಪರವಾಗಿಲ್ಲ ಮಾವ, ಚಳಿಯಿದ್ದದ್ದು ಹೋದ ವಾರ" ಎಂದು ಸಮಾಧಾನ ಹೇಳಿದ!

ಊರಿನ ಸುತ್ತಲ ಸಮುದ್ರ ಹೆಪ್ಪುಗಟ್ಟಿತ್ತು. ಈ ಕೊಲ್ಲಿಗೆ ದೊಡ್ಡ ದೊಡ್ಡ ನದಿಗಳು ಸಿಹಿನೀರು ಸುರಿಯುವುದರಿಂದ ಇಲ್ಲಿನ ನೀರಿನಲ್ಲಿ ಉಪ್ಪು ಬಹಳ ಕಡಿಮೆ. ಸಾಗರದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪಿದ್ದರೆ ಇಲ್ಲಿ ಮೂರು ಗ್ರಾಂ ಆಸುಪಾಸು. ಹಾಗಾಗಿ ಬೇಗ ಹೆಪ್ಪುಗಟ್ಟುತ್ತದೆ. ಹಡಗುಗಳಿಗೆ ದಾರಿ ಬಿಡಿಸಲು ಹಿಮಭಂಜಕ ನೌಕೆಗಳು ಓಡಾಡುತ್ತವೆ. ಹತ್ತಿರದ ದ್ವೀಪಗಳಿಗೆ ಹೋಗಲು ಅದೇ ಸಮುದ್ರದ ಮೇಲೆ ರಸ್ತೆ! ಕಾರುಗಳು ಸಲೀಸಾಗಿ ಹೋಗುತ್ತಿರುತ್ತವೆ. ಎಷ್ಟು ತೂಕದ ವಾಹನ ಹೋಗಬಹುದು ಎಂದು ದಡದಲ್ಲಿ ಫಲಕ ಹಾಕಿರುತ್ತಾರೆ. ಹಿಮದ ದಪ್ಪ ಅಳೆದು ನಿಗದಿ ಮಾಡಿದ ಮಿತಿ ಅದು. ಫೆಬ್ರುವರಿಯ ಕೊರೆಯುವ ಚಳಿಯಲ್ಲಿ ಮೊನ್ನೆ ಅಳೆದ ಅಳತೆಯನ್ನು ಇವತ್ತೂ ನಂಬಬಹುದು. ಏಪ್ರಿಲ್ ಬಂದು ಹಿಮ ಕರಗತೊಡಗಿದ ಮೇಲೆ ಮೊನ್ನೆಯ ಅಳತೆಯನ್ನು ನಂಬಿ ಕಾರು ಇಳಿಸಿದವನು ನೇರ ಸಮುದ್ರಕ್ಕೆ ಇಳಿದಂತೆ. ಅಳತೆ ಒಂದೇ, ಅಳೆಯುವ ಕೋಲೂ ಒಂದೇ. ಅದು ಎಷ್ಟು ಹೊತ್ತು ಬಾಳುತ್ತದೆ ಎಂಬುದು ಮಾತ್ರ ಬೇರೆ.

ನಾನು ಅಷ್ಟು ದೂರ ಹೋದದ್ದು ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ. ಆದರೆ ಹಿಮದ ದಪ್ಪಕ್ಕಾಗಿ ಅಲ್ಲ. ಫೇಸ್‌ಬುಕ್ ಕಂಪನಿ ಅಮೆರಿಕದ ಹೊರಗೆ ಕಟ್ಟಿದ ಮೊಟ್ಟಮೊದಲ ಡೇಟಾ ಸೆಂಟರ್ ಇರುವುದು ಈ ಊರಿನಲ್ಲಿ. ನಾವು ಮೊಬೈಲಿನಲ್ಲಿ ಬೆರಳಾಡಿಸಿದಾಗ ಕಣ್ಣಿಗೆ ಬೀಳುವ ಚಿತ್ರ, ಸುದ್ದಿ, ಸಂದೇಶಗಳೆಲ್ಲ ಆಕಾಶದಿಂದ ಉದುರುವುದಿಲ್ಲ. ಇಂಥ ಕಟ್ಟಡಗಳಲ್ಲಿ ಸಾಲುಗಟ್ಟಿ ನಿಂತ ಸರ್ವರ್ ಎಂಬ ಯಂತ್ರಗಳಿಂದ ಬರುತ್ತವೆ. ಅವು ಹಗಲೂ ರಾತ್ರಿ ವಿದ್ಯುತ್ ಕುಡಿಯುತ್ತವೆ. ಮಲಗಿಸಿದರೆ ವಿದ್ಯುತ್ ಉಳಿಯುತ್ತದೆ, ಆದರೆ ಮಲಗಿದವನಿಗೆ ಹೊರಗಿನ ಸುದ್ದಿ ತಿಳಿಯುವುದಿಲ್ಲ. ಎಚ್ಚರವಿಟ್ಟರೆ ಸುದ್ದಿ ತಾಜಾ, ಬಿಲ್ಲು ದುಬಾರಿ. ಎಷ್ಟು ಮಲಗಿಸಬೇಕು, ಎಷ್ಟು ಎಬ್ಬಿಸಿರಬೇಕು?

ಯಂತ್ರಗಳ ಬಳಿ ಹೋಗುವ ಮೊದಲು ಊರಿನ ಹಳೆಯ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ಈ ಪ್ರಶ್ನೆಗೆ ಅಲ್ಲಿನವರು ಐನೂರು ವರ್ಷಗಳಿಂದ ಉತ್ತರ ಹುಡುಕುತ್ತಲೇ ಬಂದಿದ್ದಾರೆ.

ಹಳೆಯ ಲೂಲೆಯೊ ಈಗಿನ ಜಾಗದಲ್ಲಿರಲಿಲ್ಲ. ದೊರೆ ಎರಡನೆಯ ಗುಸ್ತಾವ್ ಅಡೋಲ್ಫ್ 1621ರಲ್ಲಿ ಸನದು ಕೊಟ್ಟು ಸ್ಥಾಪಿಸಿದ ಪಟ್ಟಣ ಹತ್ತು ಕಿಲೋಮೀಟರ್ ಒಳಗೆ ಇತ್ತು. 1649ರಲ್ಲಿ ಪಟ್ಟಣವನ್ನೇ ಎತ್ತಿಕೊಂಡು ಸಮುದ್ರದ ಕಡೆಗೆ ಬರಬೇಕಾಯಿತು. ಕಾರಣ, ಬಂದರಿನಲ್ಲಿ ನೀರು ಸಾಲದಾಯಿತು. ಸಮುದ್ರ ಇಳಿದದ್ದಲ್ಲ, ನೆಲವೇ ಮೇಲೇರಿದ್ದು! ಹಿಮಯುಗದಲ್ಲಿ ಈ ನಾಡಿನ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಹಾಸು ಕೂತಿತ್ತು. ಹಿಮ ಕರಗಿ ಹತ್ತು ಸಾವಿರ ವರ್ಷಗಳೇ ಆಗಿದ್ದರೂ, ಆ ಭಾರಕ್ಕೆ ತಗ್ಗಿದ್ದ ನೆಲ ಇನ್ನೂ ನಿಧಾನವಾಗಿ ಎದ್ದು ಕೂರುತ್ತಿದೆ. ವರ್ಷಕ್ಕೆ ಎಂಟು ಮಿಲಿಮೀಟರ್ ಲೆಕ್ಕದಲ್ಲಿ. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಇದು ಅರ್ಧ ಮೀಟರಿಗೂ ಹೆಚ್ಚು. ಅಜ್ಜ ಬರೆದಿಟ್ಟ ಬಂದರಿನ ಆಳವನ್ನು ನಂಬಿ ಮೊಮ್ಮಗ ಹಡಗು ತಂದರೆ ತಳ ತಾಗುವುದು ಖಂಡಿತ. ಹಾಗೆಂದು ದಿನಾ ಬೆಳಿಗ್ಗೆ ದೋಣಿಯಲ್ಲಿ ಹೋಗಿ ಆಳ ಅಳೆಯುವವನನ್ನು ಯಾರೂ ಜಾಣನೆನ್ನುವುದಿಲ್ಲ.

ಪಟ್ಟಣ ಬಿಟ್ಟುಬಂದ ಜಾಗಕ್ಕೆ ಈಗ ಗಾಮೆಲ್‌ಸ್ಟಾದ್ ಎಂದು ಹೆಸರು. ಹಳೇಪೇಟೆ ಎಂದೇ ಅರ್ಥ. ಹದಿನೈದನೆಯ ಶತಮಾನದ ಕಲ್ಲಿನ ಇಗರ್ಜಿ, ಅದರ ಸುತ್ತ ಒತ್ತೊತ್ತಾಗಿ ಕೆಂಪು ಬಣ್ಣದ 424 ಮರದ ಮನೆಗಳು. ಯುನೆಸ್ಕೊ 1996ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಹುಪಾಲು ಮನೆಗಳ ಕಿಟಕಿಬಾಗಿಲು ಮುಚ್ಚಿತ್ತು. ಹೊಗೆಗೂಡಿನಲ್ಲಿ ಹೊಗೆಯಿಲ್ಲ. ಊರು ಖಾಲಿಯಾಗಿದೆಯೇ ಎಂದು ಕೇಳಿದೆ. "ಇಲ್ಲ ಮಾವ, ಇವು ಮೊದಲಿಂದಲೂ ಹೀಗೇ. ಭಾನುವಾರಕ್ಕೆ ಮಾತ್ರ ಕಟ್ಟಿದ್ದು" ಎಂದ ಹುಡುಗ.

ದೂರದ ಹಳ್ಳಿಗಳ ರೈತರು ಪ್ರಾರ್ಥನೆಗೆ ಬರಬೇಕು. ಹಿಮದಲ್ಲಿ ಜಾರುಗಾಡಿಯ ಮೇಲೆ ಅಷ್ಟು ದೂರ ಬಂದು ಅದೇ ದಿನ ಹಿಂತಿರುಗುವುದು ಆಗದ ಮಾತು. ಅದಕ್ಕೆಂದು ಪ್ರತಿ ಮನೆತನವೂ ಇಗರ್ಜಿಯ ಬಳಿ ಒಂದು ಗೂಡು ಕಟ್ಟಿಕೊಂಡಿತು. ಭಾನುವಾರ ಮತ್ತು ಹಬ್ಬಗಳಲ್ಲಿ ಒಲೆ ಹೊತ್ತುತ್ತಿತ್ತು; ಉಳಿದ ದಿನ ಎಲ್ಲವೂ ತಣ್ಣಗೆ. ವಾರವಿಡೀ 424 ಒಲೆಗಳನ್ನು ಉರಿಸಿದ್ದರೆ ಕಾಡು ಉಳಿಯುತ್ತಿತ್ತೇ? ಇಗರ್ಜಿ ಕೇವಲ ಪ್ರಾರ್ಥನೆಯ ಜಾಗವೂ ಆಗಿರಲಿಲ್ಲ. ರಾಜಾಜ್ಞೆಗಳನ್ನು, ಸರ್ಕಾರಿ ಪ್ರಕಟಣೆಗಳನ್ನು ಪಾದ್ರಿ ಪೀಠದಿಂದ ಓದಿ ಹೇಳುವುದು ಸ್ವೀಡನ್ನಿನಲ್ಲಿ ಶತಮಾನಗಳ ಪದ್ಧತಿ. ಎಂದರೆ ಸುದ್ದಿ ವಾರಕ್ಕೊಮ್ಮೆ ತಾಜಾ ಆಗುತ್ತಿತ್ತು. ತೆರಿಗೆ ಏರಿದ್ದು ಆರು ದಿನ ತಡವಾಗಿ ತಿಳಿದರೆ ಯಾರಿಗೂ ನಷ್ಟವಿರಲಿಲ್ಲ. ಸಂತೋಷವೇ ಇದ್ದೀತು!

ತಣ್ಣನೆಯ ಗಾಳಿ, ನದಿಯ ವಿದ್ಯುತ್

ವಿಶ್ವವಿದ್ಯಾಲಯದಿಂದ ಡೇಟಾ ಸೆಂಟರಿಗೆ ದೂರವಿಲ್ಲ. ಒಳಗೆ ಹೋಗಲು ನಮ್ಮಂಥವರಿಗೆ ಅನುಮತಿಯಿಲ್ಲ. ಬೇಲಿಯ ಹೊರಗೆ ನಿಂತು ನೋಡಿದ್ದೇ ಲಾಭ. ಹೊರಗಿನಿಂದ ಅದೊಂದು ನೀರಸವಾದ, ಉದ್ದಾನುದ್ದದ ಗೋದಾಮು. 2011ರಲ್ಲಿ ಯೋಜನೆ ಘೋಷಣೆಯಾಗಿ 2013ರ ಜೂನಿನಲ್ಲಿ ಮೊದಲ ಕಟ್ಟಡ ಕೆಲಸ ಶುರುಮಾಡಿತು. ಅದರ ವಿಸ್ತೀರ್ಣ ಸುಮಾರು 28,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಏಳು ಎಕರೆ. ಆಮೇಲೆ ಪಕ್ಕದಲ್ಲಿ ಇನ್ನಷ್ಟು ಕಟ್ಟಡ ಎದ್ದಿತು. ಕಂಪನಿ 2021ರಲ್ಲಿ ತನ್ನ ಹೆಸರನ್ನು ಮೆಟಾ ಎಂದು ಬದಲಿಸಿಕೊಂಡಿತು.

ಇಷ್ಟು ದೂರದ ಚಳಿಯೂರನ್ನೇ ಏಕೆ ಆರಿಸಿದರು? ಉತ್ತರ ಚಳಿಯಲ್ಲೇ ಇದೆ. ಸರ್ವರಿಗೆ ಕೊಟ್ಟ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ವಿನಾಯಿತಿಯಿಲ್ಲ. ಆ ಶಾಖವನ್ನು ಹೊರಹಾಕದಿದ್ದರೆ ಯಂತ್ರ ಕೆಡುತ್ತದೆ. ಬಿಸಿಲೂರಿನಲ್ಲಿ ಇದಕ್ಕೆ ದೊಡ್ಡ ದೊಡ್ಡ ಶೀತಲ ಯಂತ್ರಗಳು ಬೇಕು. ಲೂಲೆಯೊದಲ್ಲಿ ಗೋಡೆಯ ಕಿಂಡಿ ತೆರೆದರೆ ಸಾಕು! ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಡುತ್ತಾರೆ. ಗಾಳಿ ತೀರಾ ತಣ್ಣಗಿದ್ದರೆ ಯಂತ್ರಗಳ ಹಿಂಬದಿಯಿಂದ ಬರುವ ಬಿಸಿಗಾಳಿಯನ್ನೇ ಅದಕ್ಕೆ ಬೆರೆಸುತ್ತಾರೆ. ಬಚ್ಚಲಿನಲ್ಲಿ ನಾವು ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುವುದಿಲ್ಲವೇ, ಹಾಗೆ.

ಇದನ್ನು ಅಳೆಯಲು ಒಂದು ಸರಳ ಅನುಪಾತವಿದೆ. ಇಡೀ ಕಟ್ಟಡಕ್ಕೆ ಬಂದ ವಿದ್ಯುತ್ತನ್ನು ಸರ್ವರುಗಳಿಗೆ ತಲಪಿದ ವಿದ್ಯುತ್ತಿನಿಂದ ಭಾಗಿಸಬೇಕು. ಒಂದು ಬಂದರೆ ನೂರಕ್ಕೆ ನೂರು. ಹಳೆಯ ಶೈಲಿಯ ಕೇಂದ್ರಗಳಲ್ಲಿ ಇದು 2ರ ಆಸುಪಾಸಿನಲ್ಲಿರುತ್ತಿತ್ತು. ಎಂದರೆ ಲೆಕ್ಕಕ್ಕೆ ಒಂದು ಯೂನಿಟ್ ಖರ್ಚಾದರೆ ತಣಿಸಲು ಮತ್ತಿತರ ಕೆಲಸಕ್ಕೆ ಇನ್ನೊಂದು ಯೂನಿಟ್. ಲೂಲೆಯೊ ಕೇಂದ್ರ ಶುರುವಾದಾಗ ಕಂಪನಿ ಹೇಳಿದ ಅಂಕಿ 1.07.

ಇಷ್ಟು ಓದಿದ ವಿದ್ಯಾರ್ಥಿಗಳು "ಹಾಗಾದರೆ ಸಮಸ್ಯೆ ಬಗೆಹರಿಯಿತಲ್ಲ" ಎನ್ನಬಹುದು. ಈ ಅನುಪಾತದಲ್ಲಿ ಒಂದು ಮೋಸವಿದೆ. ಸರ್ವರಿಗೆ ತಲಪಿದ ವಿದ್ಯುತ್ತು ಎಷ್ಟು ಎಂದು ಅದು ಹೇಳುತ್ತದೆಯೇ ಹೊರತು, ತಲಪಿದ ವಿದ್ಯುತ್ತಿನಿಂದ ಸರ್ವರ್ ಏನು ಮಾಡಿತು ಎಂದು ಹೇಳುವುದಿಲ್ಲ. ತರಗತಿಯಲ್ಲಿ ಹಾಜರಾತಿ ನೂರಕ್ಕೆ ನೂರಿರಬಹುದು. ಹಿಂದಿನ ಬೆಂಚಿನಲ್ಲಿ ಅರ್ಧ ಜನ ತೂಕಡಿಸುತ್ತಿರಬಹುದು.

ಗೂಗಲ್ ಸಂಸ್ಥೆಯ ಲೂಯಿಸ್ ಆಂಡ್ರೆ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ ಎಂಬ ತಂತ್ರಜ್ಞರು 2007ರಲ್ಲಿ ಬರೆದ ಲೇಖನವೊಂದರಲ್ಲಿ ಹಿಂದಿನ ಬೆಂಚಿನ ಈ ವಿಷಯವನ್ನೇ ಎತ್ತಿದರು. ಸಾವಿರಾರು ಸರ್ವರುಗಳನ್ನು ಗಮನಿಸಿದಾಗ ಕಂಡದ್ದು, ಅವು ಪೂರ್ತಿ ಖಾಲಿಯೂ ಇರುವುದಿಲ್ಲ, ಪೂರ್ತಿ ದುಡಿಯುವುದೂ ಇಲ್ಲ. ಬಹುಪಾಲು ಹೊತ್ತು ತಮ್ಮ ಶಕ್ತಿಯ ಶೇಕಡಾ 10ರಿಂದ 50ರೊಳಗೆ ಕೆಲಸ ಮಾಡುತ್ತಿರುತ್ತವೆ. ಆದರೆ ವಿದ್ಯುತ್ತನ್ನು ಆ ಪ್ರಮಾಣದಲ್ಲಿ ಕಡಿಮೆ ಬಳಸುವುದಿಲ್ಲ. ಆ ಕಾಲದ ಒಳ್ಳೆಯ ಸರ್ವರ್ ಕೂಡ ಏನೂ ಕೆಲಸವಿಲ್ಲದಾಗ ತನ್ನ ಪೂರ್ಣ ಬಳಕೆಯ ಅರ್ಧದಷ್ಟನ್ನು ಸುಮ್ಮನೆ ಕುಡಿಯುತ್ತಿತ್ತು.

ಫೇಸ್‌ಬುಕ್ಕಿನ ಎಂಜಿನಿಯರುಗಳು 2014ರಲ್ಲಿ ತಮ್ಮ ಯಂತ್ರಗಳ ಅಂಕಿಗಳನ್ನೇ ಬಹಿರಂಗಪಡಿಸಿದರು. ಬೇಡಿಕೆಗಳಿಗೆ ಉತ್ತರಿಸುವ ಒಂದು ಸರ್ವರ್ ಸುಮ್ಮನಿರುವಾಗ ಸುಮಾರು 60 ವಾಟ್, ಸ್ವಲ್ಪ ಕೆಲಸ ಬಿದ್ದೊಡನೆ 130 ವಾಟ್, ಮಧ್ಯಮ ಪ್ರಮಾಣದ ಕೆಲಸದಲ್ಲಿ 150 ವಾಟ್. ಗಮನಿಸಿ: ಏನೂ ಇಲ್ಲದಿರುವುದಕ್ಕೂ ಸ್ವಲ್ಪ ಕೆಲಸಕ್ಕೂ ನಡುವೆ 70 ವಾಟ್ ಜಿಗಿತ, ಸ್ವಲ್ಪದಿಂದ ಮಧ್ಯಮಕ್ಕೆ ಬರೀ 20.

ಇಲ್ಲೊಂದು ಲೆಕ್ಕ ಮಾಡೋಣ. ನಡುರಾತ್ರಿ, ಹತ್ತು ಸರ್ವರುಗಳು ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತಿವೆ ಎಂದುಕೊಳ್ಳಿ. ಒಟ್ಟು 1,300 ವಾಟ್. ಅಷ್ಟೂ ಕೆಲಸವನ್ನು ನಾಲ್ಕಕ್ಕೇ ಒಪ್ಪಿಸಿದರೆ ಅವು ಮಧ್ಯಮ ಪ್ರಮಾಣದಲ್ಲಿ ದುಡಿದು 600 ವಾಟ್ ಬಳಸುತ್ತವೆ. ಸುಮ್ಮನೆ ಕೂತ ಆರಕ್ಕೆ 360. ಒಟ್ಟು 960. ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿತಾಯ, ಕೆಲಸ ಒಂದಿಷ್ಟೂ ಕಡಿಮೆಯಾಗದೆ! ಅವರು ಮಾಡಿದ್ದು ಇಂಥದ್ದನ್ನೇ. ನಡುರಾತ್ರಿಯ ಹೊತ್ತಿನಲ್ಲಿ ಶೇಕಡಾ 27, ಇಡೀ ದಿನದ ಸರಾಸರಿಯಲ್ಲಿ ಶೇಕಡಾ 10ರಿಂದ 15ರಷ್ಟು ಉಳಿತಾಯವಾಯಿತೆಂದು ವರದಿ ಮಾಡಿದ್ದಾರೆ. ಗಾಮೆಲ್‌ಸ್ಟಾದಿನ ಮನೆಗಳಿಗಿಂತ ಇದರಲ್ಲಿ ಹೊಸ ಬುದ್ಧಿಯೇನೂ ಇಲ್ಲ: ಹತ್ತು ಒಲೆಗಳಲ್ಲಿ ಒಂದೊಂದು ಕೊಳ್ಳಿ ಉರಿಸುವ ಬದಲು ನಾಲ್ಕು ಒಲೆ ಚೆನ್ನಾಗಿ ಉರಿಸಿ ಎಲ್ಲರೂ ಅದರ ಸುತ್ತ ಕೂರುವುದು.

ಆದರೆ ಎಲ್ಲ ಸರ್ವರುಗಳಿಗೂ ಈ ಉಪಾಯ ನಡೆಯುವುದಿಲ್ಲ. ಮೇಲೆ ಹೇಳಿದವು ಕೇಳಿದ್ದಕ್ಕೆ ಉತ್ತರ ಜೋಡಿಸಿ ಕೊಡುವ ಯಂತ್ರಗಳು. ತಮ್ಮದೇ ಆದ ನೆನಪು ಅವಕ್ಕೆ ಬೇಕಿಲ್ಲ. ಹೋಟೆಲಿನ ಸಪ್ಲೈಯರನಂತೆ, ಕೆಲಸವಿಲ್ಲದಾಗ ಮೂಲೆಯಲ್ಲಿ ಕೂತು ಆಮೇಲೆ ಎದ್ದು ಬಂದರೂ ನಡೆಯುತ್ತದೆ. ಇನ್ನೊಂದು ಬಗೆಯವು ನೆನಪಿನ ಯಂತ್ರಗಳು. ಹತ್ತಾರು ಬಾರಿ ಕೇಳುವ ಮಾಹಿತಿಯ ನಕಲನ್ನು ಕೈಗೆಟಕುವಂತೆ ಇಟ್ಟುಕೊಂಡಿರುತ್ತವೆ. ಇವನ್ನು ಮಲಗಿಸಿದರೆ, ಮಲಗಿದ್ದ ಹೊತ್ತಿನಲ್ಲಿ ಆದ ಬದಲಾವಣೆ ಒಂದೂ ಅವಕ್ಕೆ ತಿಳಿಯುವುದಿಲ್ಲ. ಎದ್ದ ಕೂಡಲೇ ಕೇಳಿದವರಿಗೆ ಹಳಸಿದ ಉತ್ತರ ಕೊಡುತ್ತವೆ. ಕೊಡಬಾರದೆಂದರೆ, ತಪ್ಪಿಹೋದದ್ದನ್ನೆಲ್ಲ ಮೊದಲು ತುಂಬಿಕೊಳ್ಳಬೇಕು. ಎರಡು ದಿನ ಶಾಲೆಗೆ ಬಾರದ ಹುಡುಗ ಗೆಳೆಯನ ನೋಟ್ಸ್ ಬರೆದುಕೊಂಡರೆ ಸರಿಹೋಗುತ್ತದೆ. ದಿನ ಬಿಟ್ಟು ದಿನ ತಪ್ಪಿಸಿಕೊಂಡರೆ, ಬಂದ ದಿನವೆಲ್ಲ ನೋಟ್ಸ್ ಬರೆಯುವುದಕ್ಕೇ ಆಗಿ, ಶಾಲೆಗೆ ಬರುವುದೇ ಸುಲಭವಿತ್ತು ಎನಿಸುತ್ತದೆ. ಯಂತ್ರಕ್ಕೂ ಹಾಗೇ. ಮಲಗಿ ಉಳಿಸಿದ ವಿದ್ಯುತ್ತು, ಎದ್ದು ತುಂಬಿಕೊಳ್ಳಲು ತಗಲುವ ವಿದ್ಯುತ್ತಿಗಿಂತ ಹೆಚ್ಚಿದ್ದರೆ ಮಾತ್ರ ನಿದ್ದೆ ಲಾಭ.

ಇಪ್ಪತ್ತು ಸೆಕೆಂಡಿನ ಜಾಣತನ

ತಾಜಾತನಕ್ಕೆ ಇನ್ನೊಂದು ಅಡ್ಡಿ ನಿಸರ್ಗದ್ದೇ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಲೂಲೆಯೊದಿಂದ ಅಮೆರಿಕದ ಆರೆಗನ್ ರಾಜ್ಯದಲ್ಲಿರುವ ಅದೇ ಕಂಪನಿಯ ಪ್ರೈನ್‌ವಿಲ್ ಕೇಂದ್ರಕ್ಕೆ, ಭೂಗೋಳದ ಮೇಲೆ ದಾರ ಎಳೆದು ಅಳೆದರೆ, ಏಳು ಸಾವಿರ ಕಿಲೋಮೀಟರಿಗೂ ಮೀರಿದ ದೂರ. ತಂತಿ ದಾರದಷ್ಟೇ ನೇರವಾಗಿದ್ದರೂ ಹೋಗಲು 35 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ನಿಜವಾದ ತಂತಿ ಸಮುದ್ರದಡಿಯಲ್ಲಿ ಸುತ್ತಿಬಳಸಿ ಹೋಗುವುದರಿಂದ ಇನ್ನೂ ಹೆಚ್ಚು. ಎಷ್ಟು ದುಡ್ಡು ಸುರಿದರೂ ಇದನ್ನು ಸೊನ್ನೆ ಮಾಡಲಾಗದು. ದೂರದ ನಕಲು ಯಾವಾಗಲೂ ಒಂದಿಷ್ಟು ಹಳೆಯದೇ.

ಕಂಪನಿ ಚಿಕ್ಕದಿದ್ದಾಗ ಈ ತೊಂದರೆಯನ್ನು ಹೇಗೆ ದಾಟಿತು ಎಂಬುದನ್ನು ಅದರ ಎಂಜಿನಿಯರರೊಬ್ಬರು 2008ರಲ್ಲಿ ವಿವರಿಸಿದ್ದಾರೆ. ನನಗೆ ಬಹಳ ಹಿಡಿಸಿದ ಪರಿಹಾರ ಅದು. ಆಗ ಮೂಲ ದಾಖಲೆಯೆಲ್ಲ ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ. ಪೂರ್ವದ ವರ್ಜೀನಿಯಾದಲ್ಲಿ ಹೊಸ ಕೇಂದ್ರ ತೆರೆದು ಅಲ್ಲೊಂದು ನಕಲು ಇಟ್ಟರು. ಓದುವವರು ಹತ್ತಿರದ ನಕಲನ್ನು ಓದಬಹುದು. ಬರೆಯುವುದು ಮಾತ್ರ ಮೂಲದಲ್ಲಿ. ಒಬ್ಬ ತನ್ನ ಹೆಸರು ಬದಲಿಸಿ, ಮರುಕ್ಷಣ ತನ್ನ ಪುಟ ತೆರೆಯುತ್ತಾನೆ. ವರ್ಜೀನಿಯಾದ ನಕಲಿಗೆ ಸುದ್ದಿ ಇನ್ನೂ ಮುಟ್ಟಿಲ್ಲ. ಹಳೆಯ ಹೆಸರೇ ಕಾಣುತ್ತದೆ! ತನ್ನ ಕೆಲಸ ಕೆಟ್ಟಿತೆಂದು ಅವನು ಮತ್ತೆ ಮತ್ತೆ ಬದಲಿಸುತ್ತಾನೆ. ಅವರು ಮಾಡಿದ್ದಿಷ್ಟೆ: ಯಾರು ಈಗಷ್ಟೇ ಏನನ್ನಾದರೂ ಬದಲಿಸಿದರೋ ಅವರ ಗಣಕದಲ್ಲಿ ಒಂದು ಚಿಕ್ಕ ಗುರುತು ಇಟ್ಟರು. ಆ ಗುರುತು ಇದ್ದವರನ್ನು 20 ಸೆಕೆಂಡು ಕಾಲ ನೇರವಾಗಿ ಮೂಲದ ಕಡೆಗೆ ಕಳುಹಿಸಿದರು. ಉಳಿದವರಿಗೆ ಹತ್ತಿರದ ನಕಲೇ ಸಾಕು. ಗೆಳೆಯನ ಹೊಸ ಹೆಸರು ಒಂದು ಕ್ಷಣ ತಡವಾಗಿ ಕಂಡರೆ ಯಾರ ಮನೆಯೂ ಮುಳುಗುವುದಿಲ್ಲ.

ಎಲ್ಲರಿಗೂ ಎಲ್ಲವೂ ಏಕಕಾಲಕ್ಕೆ ತಾಜಾ ಇರಬೇಕೆಂಬ ಹಟ ಬಿಟ್ಟು, ಯಾರಿಗೆ ಯಾವುದು ತಾಜಾ ಬೇಕು ಎಂದು ಕೇಳಿಕೊಂಡದ್ದರಲ್ಲೇ ಜಾಣತನವಿದೆ. ನಮ್ಮ ಭಾಷೆ ಈ ವಿಷಯದಲ್ಲಿ ಶ್ರೀಮಂತ. ಹಳೆಯದು ಬೇರೆ, ಹಳಸಿದ್ದು ಬೇರೆ. ಮೂರು ವರ್ಷದ ಮಾವಿನಮಿಡಿ ಉಪ್ಪಿನಕಾಯಿ ಹಳೆಯದು, ಹಳಸಿದ್ದಲ್ಲ. ಬೆಳಿಗ್ಗೆ ಮಾಡಿದ ಅನ್ನ ಸಂಜೆಗೆ ಹಳಸುತ್ತದೆ. ಬದಲಾಗದ ವಸ್ತುವಿನ ನಕಲು ಎಷ್ಟು ಹಳೆಯದಾದರೂ ಹಳಸುವುದಿಲ್ಲ.

ಹತ್ತು ವರ್ಷದ ಹಿಂದಿನ ಮದುವೆಯ ಫೋಟೊ ಅಂಥದ್ದು. ಜನ ನೋಡುವ ಚಿತ್ರಗಳ ಲೆಕ್ಕ ತೆಗೆದಾಗ, ನೂರು ವೀಕ್ಷಣೆಗಳಲ್ಲಿ 82 ಕೇವಲ ಶೇಕಡಾ 8ರಷ್ಟು ಚಿತ್ರಗಳಿಗೆ ಸೇರಿದ್ದೆಂದು ಫೇಸ್‌ಬುಕ್ 2013ರ ಸುಮಾರಿಗೆ ಹೇಳಿತು. ಉಳಿದವನ್ನು ಯಾರೋ ಎಂದೋ ನೋಡುತ್ತಾರೆ. ಇಂಥ ಚಿತ್ರಗಳ ಕಾಪಿಡುವ ಪ್ರತಿಗಳಿಗೆಂದೇ ಪ್ರೈನ್‌ವಿಲ್‌ನಲ್ಲೂ ನಾರ್ತ್ ಕೆರೊಲಿನಾದ ಫಾರೆಸ್ಟ್ ಸಿಟಿಯಲ್ಲೂ ಬೇರೆ ಕಟ್ಟಡ ಕಟ್ಟಿದರು. ಅಲ್ಲಿ ಒಂದು ತಟ್ಟೆಯಲ್ಲಿ ಜೋಡಿಸಿದ ಡಿಸ್ಕುಗಳಲ್ಲಿ ಒಂದು ಸಲಕ್ಕೆ ಒಂದು ಮಾತ್ರ ತಿರುಗುತ್ತದೆ, ಉಳಿದವು ಆರಿಸಿದ ದೀಪದಂತೆ. ಕರೆಂಟು ಹೋದರೆ ಎಂದು ಇಡುವ ಜನರೇಟರೂ ಆ ಕಟ್ಟಡಗಳಿಗೆ ಬೇಡವೆಂದು ಕೈಬಿಟ್ಟರು. ಗಾಮೆಲ್‌ಸ್ಟಾದಿನ ಮುಚ್ಚಿದ ಕಿಟಕಿಗಳು ಇಲ್ಲೂ ಇವೆ ಎನ್ನಿ.

ಹಳಸಿದ ಮಾಹಿತಿಯಿಂದ ಆಗುವ ಕೇಡನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯೊಬ್ಬಳಿಗೆ ದೂರದ ಕಾಲೇಜೊಂದರಲ್ಲಿ ಸೀಟು, ಜೊತೆಗೆ ಹಾಸ್ಟೆಲು, ಎರಡೂ ಸಿಗುವ ಸೂಚನೆಯಿತ್ತು. ದಾಖಲೆ ಪರಿಶೀಲನೆ ಗುರುವಾರ ಎಂದು ಕಾಲೇಜಿನ ಜಾಲತಾಣದಲ್ಲಿತ್ತು. ಆಮೇಲೆ ಅದನ್ನು ಬುಧವಾರಕ್ಕೆ ಹಿಂದೂಡಿ ಪುಟ ತಿದ್ದಿದರು. ತಂದೆ ಮಗಳು ಮಂಗಳವಾರ ಸಂಜೆ ಸೈಬರ್ ಸೆಂಟರಿನಲ್ಲಿ ಮತ್ತೊಮ್ಮೆ ನೋಡಿಕೊಂಡರು. ಅಲ್ಲಿನ ಗಣಕ ತನ್ನಲ್ಲಿ ಉಳಿದಿದ್ದ ಭಾನುವಾರದ ನಕಲನ್ನೇ ತೋರಿಸಿತು. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ, ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗಿತ್ತು. "ಕಂಪ್ಯೂಟರಿನಲ್ಲೇ ಹಂಗೆ ಇತ್ತು ಸಾರ್" ಎಂದು ಆ ತಂದೆ ನನ್ನ ಮುಂದೆ ನಿಂತು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಅವರು ಸುಳ್ಳು ಹೇಳಲಿಲ್ಲ. ಗಣಕವೂ ಸುಳ್ಳು ಹೇಳಲಿಲ್ಲ, ತನಗೆ ಗೊತ್ತಿದ್ದದ್ದನ್ನು ಹೇಳಿತು. ಆ ಪುಟವನ್ನು ಇಟ್ಟವರು "ಈ ಮಾಹಿತಿ ಇಂತಿಷ್ಟು ಹೊತ್ತು ಮಾತ್ರ ಬಾಳುತ್ತದೆ" ಎಂಬ ಸೂಚನೆಯನ್ನು ಅದರ ಜೊತೆ ಕಳಿಸಿದ್ದರೆ, ಆ ನಕಲು ಅಷ್ಟು ದಿನ ಉಳಿಯುತ್ತಿರಲಿಲ್ಲ. ಅಂಥ ಸೂಚನೆ ಕಳಿಸಲು ಅಂತರಜಾಲದ ನಿಯಮಗಳಲ್ಲಿ ದಾರಿಯಿದೆ. ಖರ್ಚಿಲ್ಲ. ಇಂತಹ ಕಡೆ ವಿದ್ಯುತ್ ಉಳಿತಾಯದ ಮಾತು ತೆಗೆಯುವುದೇ ತಪ್ಪು. ಸೀಟು, ದಿನಾಂಕ, ಬ್ಯಾಂಕಿನ ಶಿಲ್ಕು, ಆಸ್ಪತ್ರೆಯ ರಕ್ತದ ವರದಿ, ಇವೆಲ್ಲ ಅನ್ನದ ಜಾತಿಯವು.

ಇನ್ನು ಫಲಿತಾಂಶದ ದಿನ ನೆನಪಿಸಿಕೊಳ್ಳಿ. ಇಡೀ ರಾಜ್ಯದ ತಂದೆತಾಯಂದಿರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಗುಂಡಿಯನ್ನು ಒತ್ತುತ್ತಿರುತ್ತಾರೆ. ಬರಲಿಲ್ಲವೆಂದು ಮತ್ತೆ, ಮತ್ತೆ. ಒಮ್ಮೆ ಪ್ರಕಟವಾದ ಅಂಕ ಮರುಮೌಲ್ಯಮಾಪನದವರೆಗೆ ಬದಲಾಗುವುದಿಲ್ಲ, ಅದು ಉಪ್ಪಿನಕಾಯಿ. ನೂರು ಕಡೆ ನಕಲಿಟ್ಟು ಹಂಚಬಹುದು. ನಾವೋ ಅನ್ನವೆಂಬಂತೆ ನೂಕುನುಗ್ಗಲು ಮಾಡುತ್ತೇವೆ. ಪ್ರತಿ ಒತ್ತೂ ಎಲ್ಲೋ ಒಂದು ಯಂತ್ರಕ್ಕೆ ಹೊಸ ಕೆಲಸ, ಸರತಿಗೆ ಇನ್ನೊಂದು ತಲೆ.

ಸರತಿಯ ಬಗ್ಗೆ ಒಂದು ಸ್ವಾರಸ್ಯಕರ ಫಲಿತಾಂಶವಿದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ರಾಯ್ ಯೇಟ್ಸ್ ಮತ್ತು ಮಾರ್ಕೊ ಗ್ರೂಟೆಸರ್, ಅವರೊಡನೆ ಸಂಜಿತ್ ಕೌಲ್, ಮೂವರೂ 2012ರಲ್ಲಿ ಒಂದು ಪ್ರಶ್ನೆ ಕೇಳಿದರು: ಕೇಂದ್ರಕ್ಕೆ ಎಷ್ಟು ಬೇಗ ಬೇಗ ಸುದ್ದಿ ಕಳುಹಿಸಿದರೆ ಅಲ್ಲಿನ ಮಾಹಿತಿ ಅತ್ಯಂತ ತಾಜಾ ಇರುತ್ತದೆ? ಎಷ್ಟು ಬೇಗವೋ ಅಷ್ಟು ಒಳ್ಳೆಯದು ಎಂದು ನೀವೆನ್ನಬಹುದು. ಅಲ್ಲ! ಕಚೇರಿಯಲ್ಲಿ ಒಬ್ಬನೇ ಗುಮಾಸ್ತ, ಬಂದ ಕಾಗದವನ್ನು ಬಂದ ಕ್ರಮದಲ್ಲೇ ತೆರೆಯುತ್ತಾನೆ. ಅಪರೂಪಕ್ಕೆ ಕಾಗದ ಬಂದರೆ ಅವನಿಗೆ ಗೊತ್ತಿರುವುದು ಹಳೆಯ ಸುದ್ದಿ. ಬಿಡದೆ ಕಾಗದ ಸುರಿದರೂ ಅಷ್ಟೇ, ಮೇಜಿನ ಮೇಲೆ ರಾಶಿ ಬೀಳುತ್ತದೆ, ಅವನು ತೆರೆಯುವ ಹೊತ್ತಿಗೆ ಪ್ರತಿ ಕಾಗದವೂ ರಾಶಿಯಲ್ಲೇ ಹಳಸಿರುತ್ತದೆ. ಸರಳ ಸರತಿಯೊಂದರ ಗಣಿತ ಬಿಡಿಸಿದಾಗ ಅವರಿಗೆ ದೊರೆತ ಉತ್ತರ: ಗುಮಾಸ್ತ ತನ್ನ ಸಮಯದ ಸುಮಾರು ಶೇಕಡಾ 53ರಷ್ಟು ಕೆಲಸದಲ್ಲಿದ್ದರೆ ಸುದ್ದಿ ಅತ್ಯಂತ ತಾಜಾ. ಹೆಚ್ಚುಕಡಿಮೆ ಅರ್ಧ ಹೊತ್ತು ಅವನು ಕೈಕಟ್ಟಿ ಕೂತಿರಬೇಕು. ಇಲ್ಲಿ ಎರಡು ಹಿತಗಳು ಒಂದಕ್ಕೊಂದು ತಾಗುತ್ತವೆ. ತಾಜಾತನಕ್ಕೆ ಬಿಡುವಿರುವ ಯಂತ್ರ ಬೇಕು. ವಿದ್ಯುತ್ತಿನ ಲೆಕ್ಕದಲ್ಲಿ ಅರ್ಧ ಬಿಡುವಿನ ಯಂತ್ರವೇ ದಂಡ. ಎರಡನ್ನೂ ಒಟ್ಟಿಗೆ ಪೂರ್ತಿ ಗೆಲ್ಲುವ ಉಪಾಯವಿಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದೇಕೆ, ಲೂಲೆಯೊದಲ್ಲಿ ಗಾಳಿ ಪುಕ್ಕಟೆ, ವಿದ್ಯುತ್ತು ಹೊಗೆಯಿಲ್ಲದ ಜಲವಿದ್ಯುತ್ತು ಎಂದು ಕೇಳುವವರಿದ್ದಾರೆ. ನನ್ನ ತಂಗಿಯ ಮಗನೂ ಕೇಳಿದ. ಉತ್ತರ ನದಿಯ ಮೇಲ್ದಂಡೆಯಲ್ಲಿದೆ. ಲೂಲೆ ನದಿಯ ಅಣೆಕಟ್ಟುಗಳು ಸ್ವೀಡನ್ನಿನ ವಿದ್ಯುತ್ತಿನಲ್ಲಿ ಹತ್ತನೆಯ ಒಂದು ಭಾಗದ ಹತ್ತಿರ ಕೊಡುತ್ತವೆ. ಮೊದಲನೆಯ ದೊಡ್ಡ ವಿದ್ಯುದಾಗಾರ ಪೋರ್ಯುಸ್. ಕಬ್ಬಿಣದ ಅದಿರು ಸಾಗಿಸುವ ರೈಲಿಗೆಂದು 1910ರಲ್ಲಿ ಕೆಲಸ ಹಿಡಿದು 1915ರಲ್ಲಿ ಉದ್ಘಾಟಿಸಿದರು. ಅಲ್ಲಿಗೆ ರೈಲು ಹಾದಿ ಆಗುವ ಮೊದಲು ಯೆಲ್ಲಿವಾರೆ ಎಂಬಲ್ಲಿಂದ ಸುಮಾರು 50 ಕಿಲೋಮೀಟರ್ ಕಾಡುದಾರಿಯಲ್ಲಿ ಸಾಮಾನನ್ನೆಲ್ಲ ಕೂಲಿಗಳು ಬೆನ್ನ ಮೇಲೆ ಹೊತ್ತು ತಂದರಂತೆ. ಇನ್ನೂ ಮೇಲೆ ಸುಓರ್ವಾ ಅಣೆಕಟ್ಟು. 1919ರಲ್ಲಿ ಆರಂಭವಾದ ಅದನ್ನು ಆಮೇಲೆ ಮತ್ತೆ ಮತ್ತೆ ಎತ್ತರಿಸಿದರು. ಪ್ರತಿ ಸಲವೂ ಹಿಮಸಾರಂಗ ಮೇಯಿಸುವ ಸಾಮಿ ಜನರ ಹುಲ್ಲುಗಾವಲು, ವಾಸಸ್ಥಳಗಳು ನೀರಿನಡಿ ಸೇರಿದವು. ಶರಾವತಿ ಕಣಿವೆಯಲ್ಲಿ ಮುಳುಗಡೆಯನ್ನು ಕಂಡ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ವಿದ್ಯುತ್ತಿಗೆ ಈಗ ಬೇರೆ ಗಿರಾಕಿಗಳೂ ಇದ್ದಾರೆ. ಕಲ್ಲಿದ್ದಲಿಲ್ಲದೆ ಜಲಜನಕ ಬಳಸಿ ಅದಿರಿನಿಂದ ಕಬ್ಬಿಣ ತೆಗೆಯುವ ಪ್ರಾಯೋಗಿಕ ಘಟಕ 2020ರಲ್ಲಿ ಲೂಲೆಯೊದಲ್ಲೇ ಶುರುವಾಯಿತು. ನೀರನ್ನು ಒಡೆದು ಜಲಜನಕ ಮಾಡಲು ಅಪಾರ ವಿದ್ಯುತ್ ಬೇಕು. ಒಂದೇ ನದಿ, ಒಂದೇ ತಂತಿ. ಸುಮ್ಮನೆ ಕೂತ ಸರ್ವರ್ ಕುಡಿಯುವ 60 ವಾಟ್ ಅಲ್ಲಿ ಇನ್ನೊಬ್ಬರ ಕುಲುಮೆಗೆ ಹೋಗಬಹುದಾಗಿದ್ದ 60 ವಾಟ್.

ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಲು ಸ್ವೀಡನ್ನಿಗೆ ಹೋಗಬೇಕಿಲ್ಲ. ಅನೇಕ ಮೊಬೈಲುಗಳಲ್ಲಿ ಅಂಚೆ ಪೆಟ್ಟಿಗೆಯನ್ನು ಎಷ್ಟು ಹೊತ್ತಿಗೊಮ್ಮೆ ನೋಡಿ ಬರಬೇಕೆಂದು ಆರಿಸುವ ಅವಕಾಶವಿರುತ್ತದೆ: ಹದಿನೈದು ನಿಮಿಷಕ್ಕೊಮ್ಮೆ, ಗಂಟೆಗೊಮ್ಮೆ, ಅಥವಾ ನಾವು ಕೇಳಿದಾಗ ಮಾತ್ರ. ಮನೆಯ ಹಿರಿಯರ ಅಪ್ಪಣೆ ಪಡೆದು ಮೂರನ್ನೂ ಎರಡೆರಡು ದಿನ ಇಟ್ಟು ನೋಡಿ. ರಾತ್ರಿ ಮಲಗುವಾಗ ಮತ್ತು ಬೆಳಿಗ್ಗೆ ಎದ್ದಾಗ ಬ್ಯಾಟರಿ ಎಷ್ಟಿತ್ತೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದ ಕಲಮಿನಲ್ಲಿ, ಆ ಎರಡು ದಿನಗಳಲ್ಲಿ ತಡವಾಗಿ ಬಂದದ್ದರಿಂದ ನಿಜಕ್ಕೂ ತೊಂದರೆಯಾದ ಪತ್ರಗಳು ಎಷ್ಟು ಎಂದು ಬರೆಯಿರಿ. ಎರಡನೆಯ ಕಲಮನ್ನು ಅಪ್ಪ ಅಮ್ಮನ ಹತ್ತಿರ ತುಂಬಿಸಿದರೆ ಇನ್ನೂ ಒಳ್ಳೆಯದು.